ಹಿತ್ತಲ ಕೋಳಿಗೂಡುಗಳನ್ನು ನೆರೆಹೊರೆಗೆ ತೋರಿಸುವ ಸುತ್ತು: ರೋಗ ಹರಡದಂತೆ ಏರ್ಪಡಿಸುವುದು ಹೇಗೆ?

ಪ್ರಶ್ನೆ: ಹಿತ್ತಲಮನೆ, ಸಿಯಾಟಲ್

ಎಲ್ಲರಿಗೂ ನಮಸ್ಕಾರ. ಸಿಯಾಟಲ್ ನಗರದ ಬ್ಯಾಲರ್ಡ್ ಭಾಗದಲ್ಲಿ ನಮ್ಮ ಮನೆಯ ಆಸುಪಾಸಿನ ಬೀದಿಗಳಲ್ಲಿ ಹಿತ್ತಲಿನಲ್ಲಿ ಕೋಳಿ ಸಾಕುವ ಏಳು ಮನೆಗಳಿವೆ. ಮುಂದಿನ ಬೇಸಿಗೆಯ ಒಂದು ಭಾನುವಾರ ಈ ಏಳೂ ಮನೆಗಳ ಗೂಡುಗಳನ್ನು ಸುತ್ತಲಿನ ಜನ ಕಾಲ್ನಡಿಗೆಯಲ್ಲೋ ಸೈಕಲ್ಲಿನಲ್ಲೋ ಬಂದು ನೋಡಿಕೊಂಡು ಹೋಗುವಂತೆ ಏರ್ಪಾಡು ಮಾಡಬೇಕೆಂದು ನೆರೆಹೊರೆಯವರೆಲ್ಲ ಕೂಡಿ ಮಾತನಾಡಿಕೊಂಡಿದ್ದೇವೆ. ಇಲ್ಲಿ ಇದು ಹೊಸ ಪದ್ಧತಿಯೇನಲ್ಲ. ಸಿಯಾಟಲ್ ಟಿಲ್ತ್ ಎಂಬ ಸಂಸ್ಥೆಯು, 2016ರಲ್ಲಿ ಬೇರೆ ಸಂಸ್ಥೆಗಳೊಡನೆ ಕೂಡಿ ಟಿಲ್ತ್ ಅಲಯನ್ಸ್ ಆಗುವುದಕ್ಕೆ ಮುಂಚೆಯೇ, ನಗರದೊಳಗಿನ ಕೋಳಿಗೂಡುಗಳನ್ನೂ ತೋಟಗಳನ್ನೂ ಜನರಿಗೆ ತೋರಿಸುವ ಇಂಥ ಸುತ್ತುಗಳನ್ನು ನಡೆಸುತ್ತಿತ್ತು. ನಗರದ ನಿಯಮವೂ ನಮಗೆ ಅನುಕೂಲವಾಗಿಯೇ ಇದೆ: ಒಂದು ನಿವೇಶನದಲ್ಲಿ 8 ಕೋಳಿಗಳವರೆಗೆ ಸಾಕಬಹುದು, ಹುಂಜವನ್ನು ಮಾತ್ರ ಇಟ್ಟುಕೊಳ್ಳುವಂತಿಲ್ಲ.

ಕೋಳಿ ಸಾಕುವ ಆಸೆಯಿದ್ದೂ ಧೈರ್ಯ ಸಾಲದೆ ಹಿಂದೆ ಸರಿದಿರುವ ಅನೇಕರು ನಮ್ಮ ನಡುವೆ ಇದ್ದಾರೆ. ಗೂಡು ಎಷ್ಟು ದೊಡ್ಡದಿರಬೇಕು, ವಾಸನೆ ಬರುತ್ತದೆಯೇ, ಸಿಯಾಟಲ್ಲಿನ ಚಳಿಗಾಲದ ಮಳೆಯಲ್ಲಿ ನೆಲ ಕೆಸರಾಗದಂತೆ ಏನು ಮಾಡಬೇಕು ಎಂಬುದನ್ನೆಲ್ಲ ಅವರು ಕಣ್ಣಾರೆ ನೋಡಿ ತಿಳಿಯಲಿ ಎಂಬುದೇ ನಮ್ಮ ಉದ್ದೇಶ. ನಮ್ಮ ಏಳು ಗೂಡುಗಳೂ ಏಳು ಬಗೆಯವು. ಒಬ್ಬರು ಮಕ್ಕಳ ಆಟದ ಮನೆಯನ್ನೇ ಗೂಡಾಗಿ ಮಾರ್ಪಡಿಸಿದ್ದಾರೆ. ಇನ್ನೊಬ್ಬರು ಚಕ್ರ ಹಾಕಿದ ಗೂಡನ್ನು ಹುಲ್ಲಿನ ಮೇಲೆ ಆಗಾಗ ಜರುಗಿಸುತ್ತ, ತಿಂದು ಬರಿದಾದ ಜಾಗಕ್ಕೆ ಮತ್ತೆ ಚಿಗುರಲು ಸಮಯ ಕೊಡುತ್ತಾರೆ.

ನಮ್ಮನ್ನು ತಡೆದಿರುವುದು ಹಕ್ಕಿಜ್ವರದ ಭಯ. 2022ರ ಮೇ ತಿಂಗಳಲ್ಲಿ ವಾಷಿಂಗ್ಟನ್ ರಾಜ್ಯದ ಪೆಸಿಫಿಕ್ ಕೌಂಟಿಯಲ್ಲಿ ಹಿತ್ತಲಲ್ಲಿ ಸಾಕಿದ್ದ ಕೋಳಿಗಳಲ್ಲಿಯೇ ಈ ರೋಗ ಪತ್ತೆಯಾಯಿತು; ಆ ವರ್ಷ ಜಾತ್ರೆ, ಪ್ರದರ್ಶನಗಳಿಗೆ ಕೋಳಿಗಳನ್ನು ತರಬೇಡಿರೆಂದು ರಾಜ್ಯದ ಪಶುವೈದ್ಯಾಧಿಕಾರಿಗಳು ಕೇಳಿಕೊಂಡರು. ಈಗ ಏಳು ಮನೆಗಳಲ್ಲಿ ಎರಡು ಮನೆಯವರು ಸುತ್ತು ಬೇಡವೆನ್ನುತ್ತಾರೆ, ಉಳಿದವರು ಎಚ್ಚರಿಕೆಯಿಂದ ಮಾಡಿದರೆ ತೊಂದರೆಯಿಲ್ಲ ಎನ್ನುತ್ತಾರೆ. ಇಂಥ ಸುತ್ತನ್ನು ನಡೆಸಿದ ಅಥವಾ ಅದರಲ್ಲಿ ತಮ್ಮ ಗೂಡನ್ನು ತೋರಿಸಿದ ಅನುಭವವಿರುವವರೂ, ಕೋಳಿಗಳ ರೋಗಗಳನ್ನು ಬಲ್ಲವರೂ ದಯವಿಟ್ಟು ತಿಳಿಸಬೇಕು: ಸುತ್ತು ನಡೆಸುವುದೇ ತಪ್ಪೇ? ತಪ್ಪಲ್ಲವಾದರೆ ಯಾವ ಕಟ್ಟುಪಾಡುಗಳನ್ನು ಇಟ್ಟುಕೊಳ್ಳಬೇಕು?

ಉತ್ತರ: ರಾಲಿ ಕನ್ನಡತಿ, ನಾರ್ತ್ ಕ್ಯಾರೊಲೈನಾ

ನಮಸ್ಕಾರ. ನಮ್ಮ ರಾಲಿಯಲ್ಲಿ ‘ಟೂರ್ ಡಿ ಕೂಪ್’ ಎಂಬ ಹೆಸರಿನಲ್ಲಿ ಇಂಥ ಸುತ್ತು ನಡೆದಿದೆ. ಟೆಕ್ಸಸ್‌ನ ಆಸ್ಟಿನ್‌ನಲ್ಲಿ ‘ಫಂಕಿ ಚಿಕನ್ ಕೂಪ್ ಟೂರ್’ ಕೂಡ ಇದೇ ಬಗೆಯದು. ರೋಗದ ವಿಷಯವನ್ನು ಬಲ್ಲವರಿಗೆ ಬಿಟ್ಟು, ನಮ್ಮ ಹಿತ್ತಲನ್ನು ಜನರಿಗೆ ತೆರೆದವಳಾಗಿ ಕೆಲವು ಮಾತುಗಳನ್ನು ಹೇಳುತ್ತೇನೆ.

ನಕ್ಷೆಯಲ್ಲಿ ಮನೆಗಳಿಗೆ ಒಂದರಿಂದ ಏಳರವರೆಗೆ ಸಂಖ್ಯೆ ಕೊಟ್ಟರೆ ಬೆಳಿಗ್ಗೆ ಎಲ್ಲರೂ ಒಂದನೆಯ ಮನೆಯ ಮುಂದೆಯೇ ಗುಂಪುಗೂಡುತ್ತಾರೆ, ಏಳನೆಯ ಮನೆಯವರು ಮಧ್ಯಾಹ್ನದವರೆಗೂ ದಾರಿ ಕಾಯುತ್ತಾರೆ. ಆದ್ದರಿಂದ ಸಂಖ್ಯೆಗಳ ಬದಲು ಪ್ರತಿ ಗೂಡಿಗೂ ಒಂದೊಂದು ಹೆಸರು ಕೊಡಿ. ಟಿಕೆಟ್ ಕೊಡುವಾಗಲೇ ಯಾವ ಮನೆಯಿಂದ ಆರಂಭಿಸಬೇಕೆಂದು ಬರೆದುಕೊಡಿ. ವಿಳಾಸಗಳನ್ನು ಬಹಿರಂಗವಾಗಿ ಪ್ರಕಟಿಸದೆ ಹೆಸರು ನೋಂದಾಯಿಸಿದವರಿಗೆ ಮಾತ್ರ ತಿಳಿಸಿದರೆ ಸುತ್ತು ಮುಗಿದ ಮೇಲೆ ಅಪರಿಚಿತರು ಬಂದು ಬಾಗಿಲು ತಟ್ಟುವ ತೊಂದರೆ ಕಡಿಮೆಯಾಗುತ್ತದೆ. ನಾಯಿಗಳನ್ನು ತರಕೂಡದೆಂದು ಟಿಕೆಟ್ಟಿನ ಮೇಲೆಯೇ ದಪ್ಪಕ್ಷರದಲ್ಲಿ ಮುದ್ರಿಸಿ. ಎಷ್ಟೇ ಸಾಧುವಾದ ನಾಯಿಯಾದರೂ ಕೋಳಿಗೆ ಅದು ನಾಯಿಯೇ. ಪ್ರತಿ ಮನೆಯಲ್ಲಿಯೂ ಕನಿಷ್ಠ ಇಬ್ಬರು ಬೇಕು, ಒಬ್ಬರು ಹಿತ್ತಲ ಬಾಗಿಲಿನಲ್ಲಿ, ಒಬ್ಬರು ಗೂಡಿನ ಬಳಿ. ಮನೆಯ ವಿಮೆಯು ಇಂಥ ಸಂದರ್ಭಕ್ಕೆ ಅನ್ವಯಿಸುತ್ತದೆಯೇ ಎಂದು ಪ್ರತಿಯೊಬ್ಬರೂ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಬಂದವರು ಏನು ಕೇಳುತ್ತಾರೆ ಎಂಬುದಕ್ಕೆ ಮನೆಯವರು ಸಿದ್ಧರಾಗಿರಬೇಕು. ಮೊಟ್ಟೆ ಎಷ್ಟು, ವಾಸನೆ ಬರುತ್ತದೆಯೇ, ಇಲಿ ಬರುತ್ತವೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಸುಲಭ. ಕಷ್ಟವಾದ ಪ್ರಶ್ನೆಯೆಂದರೆ, ಮೊಟ್ಟೆ ನಿಂತ ಮೇಲೆ ಕೋಳಿಯನ್ನು ಏನು ಮಾಡುತ್ತೀರಿ ಎಂಬುದು. ಹೇಂಟೆಯು ಎರಡು ಮೂರು ವರ್ಷ ಚೆನ್ನಾಗಿ ಮೊಟ್ಟೆಯಿಟ್ಟು, ಆಮೇಲೆ ಕಡಿಮೆ ಮಾಡುತ್ತ ಬಂದು, ಅದಾದ ಮೇಲೂ ಹಲವು ವರ್ಷ ಬದುಕಿರುತ್ತದೆ. 8 ಕೋಳಿಗಳ ಮಿತಿಯಿರುವ ನಗರದಲ್ಲಿ ಮುದಿ ಕೋಳಿಗಳನ್ನು ಉಳಿಸಿಕೊಂಡರೆ ಹೊಸ ಮರಿಗಳಿಗೆ ಜಾಗವಿರುವುದಿಲ್ಲ. ಕೆಲವರು ಅವನ್ನು ಸಾಯುವತನಕ ಸಾಕುತ್ತಾರೆ, ಕೆಲವರು ಸಾರು ಮಾಡುತ್ತಾರೆ. ನಿಮ್ಮ ಮನೆಯಲ್ಲಿ ಯಾವುದು ನಡೆಯುತ್ತದೆಯೋ ಅದನ್ನು ಮಕ್ಕಳ ಮುಂದೆಯೂ ಮರೆಮಾಚದೆ ಹೇಳಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಕೋಳಿ ಸಾಕಬೇಕೆಂದು ಬಂದವರು ಮನೆಗೆ ಹೋಗಿ ಯೋಚಿಸಬೇಕಾದ ಮೊದಲ ವಿಷಯವೇ ಅದು.

ಉತ್ತರ: ಪಶುವೈದ್ಯ, ಶಿವಮೊಗ್ಗ

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿ, ಮಲೆನಾಡಿನ ಹಳ್ಳಿಗಳಲ್ಲಿ ಹಿತ್ತಲ ಕೋಳಿಗಳಿಗೆ ಚಿಕಿತ್ಸೆ ಕೊಡುತ್ತಿರುವವನು ನಾನು. ಅಮೆರಿಕದ ಸುತ್ತುಗಳನ್ನು ನಾನು ನೋಡಿಲ್ಲ, ಆದರೆ ರೋಗ ಹರಡುವ ದಾರಿಗೆ ದೇಶಭೇದವಿಲ್ಲ.

ಮೊದಲು ಒಂದು ಉದಾಹರಣೆ ಹೇಳುತ್ತೇನೆ. ನಮ್ಮಲ್ಲಿ ಕೊಕ್ಕರೆ ರೋಗ ಅಥವಾ ರಾಣಿಖೇತ್ ಎನ್ನುವ ಕಾಯಿಲೆಯನ್ನೇ ನಿಮ್ಮಲ್ಲಿ ನ್ಯೂಕ್ಯಾಸಲ್ ಎನ್ನುತ್ತಾರೆ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 2018ರ ಮೇ ತಿಂಗಳಲ್ಲಿ ಕಾಣಿಸಿಕೊಂಡ ಆ ರೋಗ 2020ರವರೆಗೂ ಹತೋಟಿಗೆ ಬರಲಿಲ್ಲ, 12 ಲಕ್ಷಕ್ಕೂ ಹೆಚ್ಚು ಪಕ್ಷಿಗಳನ್ನು ಕೊಲ್ಲಬೇಕಾಯಿತು. ಅದು ಮೊದಲು ಕಂಡದ್ದೂ, ಹೆಚ್ಚು ಕಡೆ ಹಬ್ಬಿದ್ದೂ ದೊಡ್ಡ ಫಾರಂಗಳಲ್ಲಿ ಅಲ್ಲ, ಮನೆಯ ಹಿತ್ತಲುಗಳಲ್ಲಿ. ಕೋಳಿಗಳನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸಿದ್ದು, ಸಾಕುವವರು ಒಬ್ಬರ ಗೂಡಿನಿಂದ ಮತ್ತೊಬ್ಬರ ಗೂಡಿಗೆ ಓಡಾಡಿದ್ದು ಅದಕ್ಕೆ ದಾರಿಯಾಯಿತು. ನಮ್ಮ ಹಳ್ಳಿಗಳಲ್ಲಿಯೂ ಇದೇ ಕಥೆ: ಒಂದು ಕೇರಿಯಲ್ಲಿ ಕೋಳಿ ತೂಕಡಿಸತೊಡಗಿದ ಕೂಡಲೇ ಉಳಿದವನ್ನು ಸಂತೆಗೆ ಒಯ್ದು ಮಾರುತ್ತಾರೆ, ಸಂತೆಯಿಂದ ಕೊಂಡವರು ಅದನ್ನು ನೇರವಾಗಿ ತಮ್ಮ ಗೂಡಿಗೆ ಬಿಡುತ್ತಾರೆ. ಹಕ್ಕಿಜ್ವರ ನಮ್ಮ ರಾಜ್ಯಕ್ಕೂ ಬಂದಿದೆ. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಕಂಡಾಗ ಸುತ್ತಲಿನ ಒಂದು ಕಿಲೋಮೀಟರಿನೊಳಗಿನ ಸಾಕು ಪಕ್ಷಿಗಳನ್ನೆಲ್ಲ ಕೊಲ್ಲಲು ಆದೇಶವಾಯಿತು. ಅವುಗಳಲ್ಲಿ ಆರೋಗ್ಯವಾಗಿದ್ದವೂ ಇದ್ದವು, ಮನೆಯವರು ಹೆಸರಿಟ್ಟು ಸಾಕಿದವೂ ಇದ್ದವು.

ಈಗ ನಿಮ್ಮ ಸುತ್ತಿನ ವಿಷಯ. ಮನೆಯಲ್ಲಿ ಕೋಳಿಯೇ ಇಲ್ಲದ ನೋಡುಗನಿಂದ ಅಪಾಯ ಕಡಿಮೆ. ನಿಮ್ಮ ನಡುವೆ ಹೆಚ್ಚು ಅಪಾಯಕಾರಿಯಾದ ನೋಡುಗರು ಕೋಳಿ ಸಾಕಿರುವ ನೀವೇ ಏಳು ಮನೆಯವರು. ಇಂಥ ಸುತ್ತಿಗೆ ಎಲ್ಲರಿಗಿಂತ ಉತ್ಸಾಹದಿಂದ ಹೊರಡುವವರೂ, ಗೂಡಿನೊಳಗೆ ತಲೆ ಹಾಕಿ ನೋಡುವವರೂ, ಕೋಳಿಯನ್ನು ಎತ್ತಿ ರೆಕ್ಕೆಯಡಿ ಹೇನು ಇದೆಯೇ ಎಂದು ಪರೀಕ್ಷಿಸುವವರೂ, ಅದೇ ಚಪ್ಪಲಿಯಲ್ಲಿ ಸಂಜೆ ತಮ್ಮ ಕೋಳಿಗಳಿಗೆ ಕಾಳು ಹಾಕುವವರೂ ಸಾಕುವವರೇ. ಚಪ್ಪಲಿಯ ಅಟ್ಟೆಯ ಗೀರುಗಳಲ್ಲಿ ಸಿಕ್ಕಿಕೊಂಡ ಒಂದು ಚೂರು ಹಿಕ್ಕೆ ಸಾಕು. ಆದ್ದರಿಂದ ನನ್ನ ಮೊದಲ ಸಲಹೆ: ಸುತ್ತಿನ ದಿನ ನೀವು ಏಳು ಮನೆಯವರು ಒಬ್ಬರ ಹಿತ್ತಲಿಗೆ ಮತ್ತೊಬ್ಬರು ಹೋಗಬೇಡಿ. ನಿಮ್ಮ ನಡುವಿನ ಮಾತುಕತೆಯನ್ನು ಇನ್ನೊಂದು ದಿನ, ಕೋಳಿಗಳಿಲ್ಲದ ಕಡೆ, ಚಿತ್ರಗಳನ್ನು ಇಟ್ಟುಕೊಂಡು ನಡೆಸಿ. ಬೇರೆ ಕಡೆಯಿಂದ ಬರುವವರಲ್ಲಿ ಕೋಳಿ ಸಾಕುವವರಿದ್ದರೆ ನೋಂದಣಿಯ ಸಮಯದಲ್ಲಿಯೇ ಕೇಳಿ ತಿಳಿದುಕೊಳ್ಳಿ, ಅವರನ್ನೂ ಆ ಸಭೆಗೇ ಕರೆಯಿರಿ.

ಉಳಿದ ನೋಡುಗರಿಗೆ ಗೂಡಿನಿಂದ ಕನಿಷ್ಠ ಎರಡು ಮೀಟರ್ ದೂರದಲ್ಲಿ ಹಗ್ಗ ಕಟ್ಟಿ, ಅದರಾಚೆಯಿಂದ ನೋಡಲು ಬಿಡಿ. ಕೋಳಿಗಳು ಓಡಾಡುವ ನೆಲವನ್ನು ಯಾರೂ ತುಳಿಯಬಾರದು. ಕಾಲಿಗೆ ಕ್ರಿಮಿನಾಶಕದ ತಟ್ಟೆ ಇಟ್ಟರೆ ಸಾಕೆಂದು ಬಹಳ ಮಂದಿ ನಂಬುತ್ತಾರೆ, ಅದು ಸಾಲದು. ಅಟ್ಟೆಯಲ್ಲಿ ಮಣ್ಣು, ಹಿಕ್ಕೆ ಅಂಟಿಕೊಂಡಿದ್ದರೆ ಔಷಧದ ಶಕ್ತಿ ಅದರಲ್ಲಿಯೇ ಕಳೆದುಹೋಗುತ್ತದೆ. ಮೊದಲು ಬ್ರಷ್‌ನಿಂದ ಉಜ್ಜಿ ತೊಳೆಯಬೇಕು, ಆಮೇಲೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಾಲಿಟ್ಟು ನಿಲ್ಲಬೇಕು, ನೀರು ಕೊಳೆಯಾದಂತೆಲ್ಲ ಬದಲಾಯಿಸಬೇಕು. ಬಳಸಿ ಎಸೆಯುವ ಪಾದಕವಚವನ್ನು ಪ್ರತಿ ಮನೆಯ ಬಾಗಿಲಲ್ಲಿ ಹೊಸದಾಗಿ ಕೊಟ್ಟು, ಹೊರಡುವಾಗ ಅಲ್ಲಿಯೇ ಹಾಕಿಸಿಕೊಳ್ಳುವುದು ಇದಕ್ಕಿಂತ ಸುಲಭ.

ಮಕ್ಕಳ ಬಗ್ಗೆ ಒಂದು ಮಾತು. ಆರೋಗ್ಯವಾಗಿ ಕಾಣುವ ಕೋಳಿಯ ಹಿಕ್ಕೆಯಲ್ಲಿಯೂ ವಾಂತಿಭೇದಿ ತರುವ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಐದು ವರ್ಷದೊಳಗಿನ ಮಕ್ಕಳು ಕೋಳಿಯನ್ನೂ ಮರಿಯನ್ನೂ ಮುಟ್ಟಬಾರದೆಂದು ನಿಮ್ಮ ದೇಶದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯೇ ಹೇಳುತ್ತದೆ. ತಿಂಡಿ, ಪಾನಕಗಳನ್ನು ಹಿತ್ತಲಲ್ಲಿ ಇಡದೆ ಬೀದಿಯ ಕಡೆ ಇಡಿ, ಕೈತೊಳೆಯಲು ಸೋಪು ನೀರು ಇರಲಿ.

ಉತ್ತರ: ಗ್ರೀನ್‌ಲೇಕ್ ನಿವಾಸಿ, ಸಿಯಾಟಲ್

ಡಾಕ್ಟರ್ ಅವರ ಮಾತಿಗೆ ಸ್ಥಳೀಯವಾದ ಒಂದೆರಡು ವಿಷಯ ಸೇರಿಸುತ್ತೇನೆ. ಸುತ್ತನ್ನು ಜುಲೈ ಅಥವಾ ಆಗಸ್ಟ್‌ನಲ್ಲಿಯೇ ಇಟ್ಟುಕೊಳ್ಳಿ. ಶರತ್ಕಾಲ ಬಂತೆಂದರೆ ಉತ್ತರದಿಂದ ವಲಸೆ ಬರುವ ಬಾತುಗಳೂ ಹೆಬ್ಬಾತುಗಳೂ ನಮ್ಮ ಕೆರೆಗಳಲ್ಲಿ ಇಳಿಯುತ್ತವೆ, ಹಕ್ಕಿಜ್ವರದ ವೈರಾಣುವನ್ನು ಹೊತ್ತು ತರುವವು ಹೆಚ್ಚಾಗಿ ಅವೇ. ಬೇಸಿಗೆಯಲ್ಲಿ ಇನ್ನೊಂದು ಅನುಕೂಲವೂ ಇದೆ: ಆ ಎರಡು ತಿಂಗಳು ಇಲ್ಲಿ ಮಳೆ ಬಹಳ ಕಡಿಮೆಯಾದ್ದರಿಂದ ನೆಲ ಒಣಗಿರುತ್ತದೆ, ಕಾಲಿಗೆ ಕೆಸರು ಅಂಟುವುದಿಲ್ಲ. ನೋಡುಗರು ಗ್ರೀನ್ ಲೇಕ್ ಕೆರೆಯ ಸುತ್ತ ನಡೆದು ಬಾತುಗಳ ಹಿಕ್ಕೆ ತುಳಿದ ಶೂಗಳಲ್ಲಿಯೇ ನೇರವಾಗಿ ಬರಬಾರದೆಂದು ಟಿಕೆಟ್ಟಿನಲ್ಲಿ ತಿಳಿಸಿ.

ನೋಡುಗರಿಗೆ ತೋರಿಸಲೇಬೇಕಾದದ್ದು ತಂತಿಬಲೆ ಮತ್ತು ಚಿಲಕ. ಅಂಗಡಿಯಲ್ಲಿ ಕೋಳಿಬಲೆ ಎಂದೇ ಮಾರುವ ಆರು ಮೂಲೆಯ ತೆಳು ತಂತಿ ಕೋಳಿಯನ್ನು ಒಳಗೆ ಹಿಡಿದಿಡುತ್ತದೆಯೇ ಹೊರತು ರಾತ್ರಿ ಬೇಟೆಗೆ ಬರುವ ರಕೂನ್ ಎಂಬ ಕಾಡುಪ್ರಾಣಿಯನ್ನು ಹೊರಗೆ ತಡೆಯುವುದಿಲ್ಲ. ರಕೂನ್ ಅದನ್ನು ಹರಿಯಬಲ್ಲದು, ಬಲೆಯ ಕಣ್ಣುಗಳ ಮೂಲಕ ಕೈ ತೂರಿಸಿ ಮಲಗಿದ ಕೋಳಿಯನ್ನು ಹಿಡಿದೆಳೆಯಬಲ್ಲದು, ಸಾದಾ ಕೊಕ್ಕೆಯನ್ನು ಮನುಷ್ಯರಂತೆಯೇ ಬೆರಳಿನಿಂದ ಎತ್ತಬಲ್ಲದು. ಅರ್ಧ ಇಂಚು ಕಣ್ಣಿನ ಬೆಸುಗೆ ಹಾಕಿದ ಬಲೆಯನ್ನು ಬಳಸಿ, ಅದರ ಅಂಚನ್ನು ನೆಲದಡಿ ಹೂತಿರುವ ಗೂಡು ನಿಮ್ಮ ಏಳರಲ್ಲಿ ಯಾವುದಿದೆಯೋ ಅಲ್ಲಿ ಒಬ್ಬರನ್ನು ನಿಲ್ಲಿಸಿ ವಿವರಿಸಿ ಹೇಳಿಸಿ. ಹೊಸದಾಗಿ ಸಾಕುವವರು ಕೋಳಿ ಕಳೆದುಕೊಳ್ಳುವುದು ರೋಗಕ್ಕಿಂತ ಹೆಚ್ಚಾಗಿ ಇದರಿಂದಲೇ ಎಂದು ನನಗೆ ಅನಿಸುತ್ತದೆ.

ಮರುಪ್ರಶ್ನೆ: ಹಿತ್ತಲಮನೆ, ಸಿಯಾಟಲ್

ಎಲ್ಲರಿಗೂ ಕೃತಜ್ಞತೆಗಳು. ಡಾಕ್ಟರೇ, ಸಾಕುವವರೇ ಹೆಚ್ಚಿನ ಅಪಾಯವೆಂಬ ನಿಮ್ಮ ಮಾತನ್ನು ನಮ್ಮ ಸಭೆಯಲ್ಲಿ ಓದಿ ಹೇಳಿದೆ. ಬೇಡವೆನ್ನುತ್ತಿದ್ದ ಎರಡು ಮನೆಯವರಲ್ಲಿ ಒಬ್ಬರು ಹಗ್ಗ ಕಟ್ಟುವುದಾದರೆ ಒಪ್ಪುತ್ತೇನೆ ಎಂದಿದ್ದಾರೆ, ಇನ್ನೊಬ್ಬರು ತಮ್ಮ ಗೂಡಿನ ಚಿತ್ರಗಳನ್ನು ಮಾತ್ರ ಕೊಡುತ್ತಾರೆ. ಉಳಿದಿರುವ ಸಂದೇಹ ಒಂದೇ: ಸುತ್ತಿಗೆ ಹಿಂದಿನ ವಾರ ಯಾವುದಾದರೂ ಮನೆಯಲ್ಲಿ ಕೋಳಿ ಸತ್ತರೆ ಆ ಮನೆಯೊಂದನ್ನು ಬಿಟ್ಟು ಸುತ್ತು ನಡೆಸಬಹುದೇ?

ಉತ್ತರ: ಪಶುವೈದ್ಯ, ಶಿವಮೊಗ್ಗ

ಕಾರಣ ಗೊತ್ತಿದ್ದರೆ, ಅಂದರೆ ರಕೂನ್ ಹಿಡಿದದ್ದೋ ಮೊಟ್ಟೆ ಸಿಕ್ಕಿಕೊಂಡು ಸತ್ತದ್ದೋ ಆಗಿದ್ದರೆ, ಆ ಮನೆಯೊಂದನ್ನು ಬಿಟ್ಟು ನಡೆಸಿ. ಕಾರಣ ತಿಳಿಯದೆ ಒಂದು ಸತ್ತರೂ, ಅಥವಾ ಒಂದಕ್ಕಿಂತ ಹೆಚ್ಚು ಕೋಳಿಗಳು ಮೇವು ಬಿಟ್ಟು ಮುದುಡಿ ಕುಳಿತರೂ, ಜುಟ್ಟು ನೀಲಿಗಟ್ಟಿದರೂ, ಮೊಟ್ಟೆ ಇದ್ದಕ್ಕಿದ್ದಂತೆ ನಿಂತರೂ ಸುತ್ತನ್ನೇ ಮುಂದೂಡಿ, ನಿಮ್ಮ ರಾಜ್ಯದ ಕೃಷಿ ಇಲಾಖೆಗೆ ಅಂದೇ ತಿಳಿಸಿ. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಅವರು ಹೇಳುವವರೆಗೆ ಹೂಳಬೇಡಿ. ಮುಂದೂಡುವ ಸಂದರ್ಭ ಬರಬಹುದೆಂಬುದನ್ನು ಟಿಕೆಟ್ ಕೊಡುವಾಗಲೇ ಬರೆದುಬಿಡಿ, ಆಗ ಹಣ ಹಿಂತಿರುಗಿಸುವ ಮುಲಾಜಿಗೆ ಬಿದ್ದು ಯಾರೂ ವಿಷಯವನ್ನು ಮುಚ್ಚಿಡುವುದಿಲ್ಲ.