ಲೆಟರ್‌ಬಾಕ್ಸ್ ಆಟವನ್ನು ‘ನಿಧಿ’ ಎನ್ನದೆ ಕರೆಯುವುದು ಹೇಗೆ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಈ ದೀಪಾವಳಿಗೆ ಸೇಡಂ ತಾಲ್ಲೂಕಿನ ನಮ್ಮೂರಿನ ವಾಡೆಯಲ್ಲಿ (ಗೌಡಕಿಯ ಹಳೆಯ ದೊಡ್ಡ ಮನೆ) ಅಣ್ಣತಮ್ಮಂದಿರ ಮನೆಯವರೆಲ್ಲ ಸೇರುವುದಿದೆ. ಮಕ್ಕಳು ಮೊಬೈಲ್ ಹಿಡಿದು ಪಡಸಾಲೆಯಲ್ಲಿ ಕುಳಿತುಬಿಡಬಾರದೆಂದು ಒಂದು ಆಟ ಹೂಡುತ್ತಿದ್ದೇನೆ. ಪರದೇಶದಲ್ಲಿರುವ ಅಕ್ಕನ ಮಗಳು ಅಲ್ಲಿನ ಹಳೆಯ ಹೋಮ್‌ಸ್ಟೆಡ್ (ಹೊಲದ ನಡುವಿನ ಮನೆ) ಒಂದರಲ್ಲಿ ಮನೆಮಂದಿಯೊಂದಿಗೆ ಆಡಿದ ‘ಲೆಟರ್‌ಬಾಕ್ಸ್ ಟ್ರೆಷರ್ ಹಂಟ್’ನ ಸುಳಿವಿನ ಹಾಳೆಯನ್ನು ಕಳುಹಿಸಿದ್ದಾಳೆ. ಅದನ್ನು ಕನ್ನಡಕ್ಕೆ ತರಲು ಕುಳಿತರೆ ಶೀರ್ಷಿಕೆಯನ್ನೇ ದಾಟಲಾಗುತ್ತಿಲ್ಲ.

ಆಟವನ್ನು ಕಾಣದವರಿಗಾಗಿ ಎರಡು ಮಾತು. ಬಚ್ಚಿಟ್ಟ ಡಬ್ಬಿಯೊಳಗೆ ಒಂದು ರಬ್ಬರ್ ಮೊಹರು, ಒಂದು ಪುಸ್ತಕ ಇರುತ್ತವೆ. ಸುಳಿವು ಹಿಡಿದು ಹೋದವರು ಡಬ್ಬಿಯ ಮೊಹರನ್ನು ತಮ್ಮ ಪುಸ್ತಕದಲ್ಲಿಯೂ ತಮ್ಮ ಮೊಹರನ್ನು ಡಬ್ಬಿಯ ಪುಸ್ತಕದಲ್ಲಿಯೂ ಒತ್ತಿ, ಎಲ್ಲವನ್ನೂ ಇದ್ದಲ್ಲೇ ಇಟ್ಟು ಬರಬೇಕು. 1854ರಲ್ಲಿ ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ ಕ್ರ್ಯಾನ್‌ಮಿಯರ್ ಪೂಲ್ ಎಂಬಲ್ಲಿ ಒಂದು ಬಾಟಲಿ ಇಟ್ಟ. ಅಲ್ಲಿಯವರೆಗೆ ನಡೆದು ಬಂದವರು ಅದರಲ್ಲಿ ತಮ್ಮ ಹೆಸರಿನ ಚೀಟಿ ಹಾಕಿ ಹೋಗುತ್ತಿದ್ದರು. ಮುಂದೆ ಜನ ತಮ್ಮದೇ ವಿಳಾಸ ಬರೆದ ಕಾರ್ಡುಗಳನ್ನು ಬಿಡತೊಡಗಿದರು. ನಂತರ ಬಂದವರು ಅವನ್ನು ಒಯ್ದು ಅಂಚೆಗೆ ಹಾಕುತ್ತಿದ್ದರು. ಹೀಗಾಗಿ ಲೆಟರ್‌ಬಾಕ್ಸ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ‘ಟಪಾಲು ಡಬ್ಬಿ’ ಎಂದರೆ ನಮ್ಮ ಭಾಗದ ಅಜ್ಜಿಯರಿಗೂ ತಿಳಿಯುತ್ತದೆ. ಇಲ್ಲಿಯವರೆಗೆ ನನಗೆ ತಕರಾರಿಲ್ಲ.

ತಕರಾರು ಇರುವುದು ‘ಟ್ರೆಷರ್’ ಜೊತೆ. ಮಕ್ಕಳ ಪತ್ರಿಕೆಗಳು ಸಲೀಸಾಗಿ ‘ನಿಧಿ ಶೋಧ’ ಎಂದು ಬರೆದುಬಿಡುತ್ತವೆ. ಪಟ್ಟಣದ ಉದ್ಯಾನದಲ್ಲಿ ಅದು ನಡೆದೀತು. ನಮ್ಮ ಕಡೆ ಹಳೆಯ ವಾಡೆಯ ಗೋಡೆಯಲ್ಲಿ ಬಂಗಾರ ಹೂತಿದ್ದಾರೆ ಎಂಬ ನಂಬಿಕೆ ಇನ್ನೂ ಜೀವಂತವಾಗಿದೆ. ‘ನಿಧಿ’ ಎಂದೊಡನೆ ಜನರ ಕಣ್ಣ ಮುಂದೆ ಬರುವುದು ಗುದ್ದಲಿ, ಕುಂಕುಮ, ನಿಂಬೆಹಣ್ಣು. ‘ನಿಧಿಗಳ್ಳರು’ ಎಂಬ ಸಮಾಸವನ್ನು ಪತ್ರಿಕೆಗಳು ಬಿಡುವಿಲ್ಲದೆ ದುಡಿಸಿಕೊಳ್ಳುತ್ತವೆ. ಕಾನೂನಿನಲ್ಲಿಯೂ, 1878ರ ನಿಧಿ ಕಾಯಿದೆಯ ಪ್ರಕಾರ, ನಿಧಿ ಎಂದರೆ ನೆಲದಲ್ಲಿ ಹುದುಗಿರುವ ಬೆಲೆಯುಳ್ಳ ವಸ್ತು. ಹೀಗಿರುವಾಗ ಅಮಾವಾಸ್ಯೆಯ ಸಂಜೆ ಹತ್ತಾರು ಮಕ್ಕಳು ಬ್ಯಾಟರಿ ಹಿಡಿದು ವಾಡೆಯ ಸುತ್ತ ‘ನಿಧಿ ಎಲ್ಲಿ, ನಿಧಿ ಎಲ್ಲಿ’ ಎಂದು ಕೂಗಿದರೆ ಊರವರು ಏನು ತಿಳಿಯಬೇಕು? ಅಲ್ಲದೆ ಈ ಆಟದಲ್ಲಿ ಅಗೆಯುವುದೂ ಇಲ್ಲ, ಒಯ್ಯುವುದೂ ಇಲ್ಲ. ಸಿಗುವುದು ಕಾಗದದ ಮೇಲೆ ಒಂದು ಗುರುತು, ಅಷ್ಟೆ.

ಆದ್ದರಿಂದ ‘ಕುರುಹಿನ ಆಟ’ ಎನ್ನಬಹುದೇ ಎಂದು ಯೋಚಿಸಿದ್ದೇನೆ. ಮೊಹರಿಗೆ ‘ಶಿಕ್ಕಾ’ ಎಂಬ ಪದ ನಮ್ಮಲ್ಲಿ ಬಳಕೆಯಲ್ಲಿದೆ. ‘ಪಂಚಾಯಿತಿಯ ಶಿಕ್ಕಾ ಹಾಕಿಸಿಕೊಂಡು ಬಾ’ ಎನ್ನುತ್ತೇವೆ. ಡಬ್ಬಿಯೊಳಗಿನದಕ್ಕೆ ಅದು ಒಪ್ಪುತ್ತದೆ. ಆದರೆ ಮಕ್ಕಳು ತಮ್ಮದೆಂದು ಕೆತ್ತಿಕೊಳ್ಳುವ ಮೊಹರಿಗೆ ‘ಅಂಕಿತ’ ಎಂದರೆ ಹೇಗೆ? ಯಾದಗಿರಿ ಜಿಲ್ಲೆಯ ಮುದನೂರಿನ ವಚನಕಾರ ಜೇಡರ ದಾಸಿಮಯ್ಯನ ವಚನಗಳಿಗೆ ‘ರಾಮನಾಥ’ ಎಂಬ ಅಂಕಿತ ಇದ್ದಂತೆ ಹುಡುಗನಿಗೊಂದು ನವಿಲು, ಹುಡುಗಿಗೊಂದು ಬಿಲ್ಲುಬಾಣ. ಪದವನ್ನು ತೀರ ಕೆಳಗಿಳಿಸಿದೆ ಎಂದು ಯಾರಾದರೂ ಸಿಟ್ಟಾದರೆ ವಾದಕ್ಕೆ ಸಿದ್ಧನಿದ್ದೇನೆ.

‘ಹೋಮ್‌ಸ್ಟೆಡ್’ಗೆ ‘ವಾಡೆ’ ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅಮೆರಿಕದ 1862ರ ಕಾಯಿದೆ 160 ಎಕರೆ ಕೊಟ್ಟು, ಐದು ವರ್ಷ ಅಲ್ಲೇ ಇದ್ದು ಉತ್ತಿದವನಿಗೆ ಭೂಮಿ ಎಂದಿತು; ಅದು ಹೊಲದ ನಡುವಿನ ಒಂಟಿ ಮನೆ. ಎರೆಭೂಮಿಯ ನಮ್ಮ ಊರುಗಳಲ್ಲಿ ಮನೆಗಳೆಲ್ಲ ಅಗಸಿಯೊಳಗೆ (ಊರ ಹೆಬ್ಬಾಗಿಲಿನೊಳಗೆ) ಒತ್ತೊತ್ತಾಗಿ ನಿಂತಿವೆ, ಹೊಲದಲ್ಲಿರುವುದು ಗುಡಿಸಲು ಮಾತ್ರ. ವಾಡೆಯದು ಗೌಡಕಿ, ದೇಶಮುಖಿಯ ಠೀವಿ. ಹಾಳೆ ನಮ್ಮ ಮನೆಯದಾದ್ದರಿಂದ ಅಲ್ಲಿ ‘ವಾಡೆ’ ಎಂದೇ ಬರೆಯುತ್ತೇನೆ, ಅನುವಾದವೆಂದು ಹೇಳಿಕೊಳ್ಳುವುದಿಲ್ಲ.

ನಿಜವಾದ ಸುಖ ಇರುವುದು ಸುಳಿವುಗಳಲ್ಲಿ. ಮೂಲದಲ್ಲಿ ಮಾತುಮಾತಿಗೆ ‘ಬಾರ್ನ್’ ಬರುತ್ತದೆ. ಅಲ್ಲಿ ಒಂದೇ ಸೂರಿನಡಿ ಇರುವುದು ನಮ್ಮಲ್ಲಿ ಮೂರು ಕಡೆ ಹಂಚಿಹೋಗಿದೆ: ದನ ಕೊಟ್ಟಿಗೆಯಲ್ಲಿ, ಕಣಿಕೆ (ಜೋಳದ ಒಣದಂಟು) ಬಣವೆಯಲ್ಲಿ, ಜೋಳ ಹಗೇವಿನಲ್ಲಿ (ಕಾಳು ತುಂಬಿಡುವ ನೆಲದೊಳಗಿನ ಗುಂಡಿ). ಬೆಂಗಳೂರಿನಿಂದಲೂ ಹೈದರಾಬಾದಿನಿಂದಲೂ ಬರುವ ಮಕ್ಕಳಿಗೆ ಇವೆಲ್ಲ ಹೊಸ ಪದಗಳು. ಅಗಸಿ, ಗೋದಲಿ (ದನ ಮೇವು ತಿನ್ನುವ ತೊಟ್ಟಿ), ಫರಸಿ (ನೆಲಕ್ಕೆ ಹಾಸುವ ಕಲ್ಲು), ಹುಡೇವುಗಳನ್ನು (ಕಾವಲಿನ ಬುರುಜು) ಬಾಯಿಪಾಠ ಮಾಡಿಸುವುದಕ್ಕಿಂತ ಅಲ್ಲೊಂದು ಡಬ್ಬಿ ಇಡುವುದೇ ಮೇಲು. ಹಗೇವಿನ ಹೆಸರನ್ನು ಮಾತ್ರ ಸುಳಿವಿನಲ್ಲಿ ತರುವುದಿಲ್ಲ. ಮುಚ್ಚಿದ ಹಗೇವಿನ ಗಾಳಿ ಕೆಟ್ಟಿರುತ್ತದೆ, ತಿಳಿದವರೂ ಏಕಾಏಕಿ ಇಳಿಯುವುದಿಲ್ಲ. ಮಕ್ಕಳ ಕೈಗೆ ಆ ಪದ ಕೊಟ್ಟರೆ ಕಲ್ಲು ಸರಿಸಿ ಇಣುಕದೆ ಬಿಡುವರೇ?

‘ಸುಳಿವು’ ಎನ್ನುವುದೂ ಪತ್ತೇದಾರಿಯ ಮಾತಿನಂತೆ ಕೇಳುತ್ತದೆ. ಇವು ಪ್ರಾಸಬದ್ಧ ಎರಡು ಸಾಲುಗಳಾದ್ದರಿಂದ ‘ಒಡಪು’ (ಒಗಟಿನಂಥ ಪ್ರಾಸದ ಮಾತು) ಎನ್ನಲು ಮನಸ್ಸಿದೆ. ಅಡ್ಡಿಯೆಂದರೆ, ಮನೆಯ ಹೆಂಗಸರು ಒಡಪು ಎಂದರೆ ಗಂಡನ ಹೆಸರು ಹೇಳುವುದು ಎಂದೇ ನಗುತ್ತಾರೆ. ‘ಒಗಟು’ ಅಷ್ಟು ಸ್ವಾರಸ್ಯವಾಗಿಲ್ಲ.

ಬೀದರ್ ಕಡೆಯವರಲ್ಲಿ ಒಂದು ಕೇಳಿಕೆ. ಗೋಡೆಯಲ್ಲಿ ದೀಪ ಇಡುವ ಗೂಡಿಗೆ ನಾವು ‘ಮಾಡ’ ಎನ್ನುತ್ತೇವೆ. ಮರಾಠಿಯ ‘ದೇವಳಿ’ ನಿಮ್ಮ ಕನ್ನಡದಲ್ಲಿ ಬಳಕೆಯಲ್ಲಿದೆಯೇ? ಇದ್ದರೆ ಬರಿಯ ದೇವರ ಗೂಡಿಗೋ, ಎಲ್ಲ ಗೂಡುಗಳಿಗೋ? ಭಾಲ್ಕಿ ಕಡೆಯ ಸೊಸೆಯಂದಿರೂ ಆಟದಲ್ಲಿರುತ್ತಾರೆ, ಒಂದು ಡಬ್ಬಿ ಅವರ ಮಾತಿನಲ್ಲಿ ಅಡಗಲಿ ಎಂದು ಆಸೆ.