ಗೇಮ್ ಡಿಸೈನ್ ಡಿಗ್ರಿಗೆ ತಮ್ಮನನ್ನ ಸೇರಿಸಬಹುದಾ? ಓದಿದವರು, ಕೆಲಸದಲ್ಲಿರೋರು ಹೇಳಿ

ಪ್ರಶ್ನೆ (ಹಾಸನ)

ತಮ್ಮ ಈ ವರ್ಷ ಸೆಕೆಂಡ್ ಪಿಯು ಮುಗಿಸಿದ, ಪಿಸಿಎಂಸಿ. ಗೇಮ್ ಡಿಸೈನ್ ಅಂಡ್ ಡೆವಲಪ್‌ಮೆಂಟ್ ಅಂತ ನಾಲ್ಕು ವರ್ಷದ ಡಿಗ್ರಿ ಇದೆ, ಅದೇ ಬೇಕು ಅಂತ ಹಟ ಹಿಡಿದಿದ್ದಾನೆ. ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಕೇಳಿದ್ವಿ, ವರ್ಷಕ್ಕೆ ಮೂರೂವರೆ ಲಕ್ಷ, ಹಾಸ್ಟೆಲ್ ಬೇರೆ. ಅಪ್ಪಂದು ಒಂದೇ ಮಾತು: "ಮೊಬೈಲಲ್ಲಿ ಆಟ ಆಡೋಕೂ ಡಿಗ್ರಿನಾ?" ನಾನು ಬಿಕಾಂ, ನನಗೆ ಇದರ ತಲೆಬುಡ ಗೊತ್ತಿಲ್ಲ. ಸುಮ್ಮನೆ ಕಂಪ್ಯೂಟರ್ ಸೈನ್ಸ್‌ಗೆ ಹಾಕೋದಾ, ಇದಕ್ಕೇ ಹಾಕೋದಾ?

ಬೆಂಗಳೂರು, ಸ್ಟುಡಿಯೋದಲ್ಲಿ ಡಿಸೈನರ್

ಮೊದಲು ನಿಮ್ಮ ಅಪ್ಪನವರಿಗೆ ಉತ್ತರ ಹೇಳ್ತೀನಿ. ನಮಗೆ ಮೊದಲ ತಿಂಗಳು ಕಂಪ್ಯೂಟರ್ ಮುಟ್ಟೋಕೇ ಬಿಡಲಿಲ್ಲ. ಮನೇಲಿ ಆಡೋ ಯಾವುದಾದರೂ ಆಟ ತಗೊಳ್ಳಿ, ಒಂದೇ ಒಂದು ನಿಯಮ ಬದಲಿಸಿ, ಹತ್ತು ಜನರ ಕೈಲಿ ಆಡಿಸಿ, ಏನಾಯ್ತು ಬರ್ಕೊಂಡು ಬನ್ನಿ ಅಂದ್ರು ಮೇಷ್ಟ್ರು. ನಾನು ಚೌಕಾಬಾರ ಹಿಡಿದೆ. ನಾಲ್ಕು ಕವಡೆ, ಒಂದೊಂದೂ ಅಂಗಾತ ಇಲ್ಲಾ ಬೋರಲು. ಎರಡಕ್ಕೂ ಸಮ ಸಾಧ್ಯತೆ ಅಂತಿಟ್ಟುಕೊಂಡರೆ ಒಟ್ಟು 16 ರೀತಿ ಬೀಳಬಹುದು. ಅದರಲ್ಲಿ ಎರಡು ಬೀಳೋದು 6 ರೀತಿ, ಚೌಕ (ನಾಲ್ಕೂ ಅಂಗಾತ) ಒಂದೇ ರೀತಿ, ಬಾರ (ನಾಲ್ಕೂ ಬೋರಲು) ಒಂದೇ ರೀತಿ. ಚೌಕ ಬಿದ್ದಾಗ ಮನೆಯೆಲ್ಲ ಯಾಕೆ ಕೂಗಾಡುತ್ತೆ ಅಂತ ಅವತ್ತು ಲೆಕ್ಕ ಹಾಕಿ ನೋಡಿದೆ.

ಎದುರಾಳಿಯ ಕಾಯಿ ಹೊಡೀದೆ ಒಳಸುತ್ತಿಗೆ ಹೋಗೋ ಹಾಗಿಲ್ಲ ಅಂತ ನಮ್ಮನೇಲಿ ನಿಯಮ. ಅದನ್ನ ತೆಗೆದುಬಿಟ್ಟೆ. ಆಟ ಬೇಗ ಮುಗೀತು. ಜಗಳ ಇಲ್ಲ, ನಗು ಇಲ್ಲ, ಎಲ್ಲರೂ ಅವರವರ ಕಾಯಿ ನಡೆಸ್ಕೊಂಡು ಹಣ್ಣು ಮಾಡ್ಕೊಂಡ್ರು. ನಮ್ಮಜ್ಜಿ, "ಇದೇನೋ, ಬಸ್ಸಿಗೆ ಕಾಯ್ತಾ ಕೂತಂಗಿದೆ" ಅಂದ್ರು. ಅಜ್ಜಿ ಮಾತನ್ನೇ ರಿಪೋರ್ಟಲ್ಲಿ ಬರೆದೆ, ಮಾರ್ಕ್ಸೂ ಚೆನ್ನಾಗಿ ಬಂತು. ನನ್ನ ಕೆಲಸ ಇವತ್ತಿಗೂ ಅದೇ, ಕವಡೆ ಬದಲು ಸ್ಪ್ರೆಡ್‌ಶೀಟ್ ಬಂದಿದೆ ಅಷ್ಟೆ.

ತಮ್ಮನಿಗೆ ಇಷ್ಟ ಇರೋದು ಹೀಗೆ ಆಟದ ನಿಯಮ ಕಟ್ಟೋದಾ, ಕೋಡ್ ಬರೆಯೋದಾ, ಚಿತ್ರ ಬಿಡಿಸೋದಾ ಅಂತ ಕೇಳಿ. ಮೂರೂ ಬೇರೆ ಬೇರೆ ಉದ್ಯೋಗ. ಕೋಡ್ ಅಂದ್ರೆ ಕಣ್ಣು ಮುಚ್ಕೊಂಡು ಕಂಪ್ಯೂಟರ್ ಸೈನ್ಸ್‌ಗೆ ಹಾಕಿ. ಡಿಸೈನ್ ಆಮೇಲೂ ಓದಬಹುದು. ಬೆಂಗಳೂರಿನ ಎನ್‌ಐಡಿ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್) ಕ್ಯಾಂಪಸ್ಸಲ್ಲಿ ಡಿಜಿಟಲ್ ಗೇಮ್ ಡಿಸೈನ್ ಅಂತಲೇ ಎಂ.ಡಿಸ್, ಅಂದ್ರೆ ಡಿಸೈನ್ ಸ್ನಾತಕೋತ್ತರ ಪದವಿ ಇದೆ, ಡಿಗ್ರಿ ಆದಮೇಲೆ ಅವರ ಡ್ಯಾಟ್ ಪ್ರವೇಶ ಪರೀಕ್ಷೆ ಬರೆದು ಹೋಗೋದು.

ಹುಬ್ಬಳ್ಳಿ

ಅಕ್ಕಾರ, ಸ್ವಲ್ಪ ತಡದು ಸೇರಸ್ರಿ. ನಾ ಓದಿದ ಕಾಲೇಜಿನ ಹೆಸರು ಹೇಳೂದಿಲ್ಲ. ಕಾಲೇಜಿನ ಪ್ರಾಸ್ಪೆಕ್ಟಸ್‌ದಾಗ ಎಲ್ಲಾ ಇತ್ತು, ವಿಆರ್ ಲ್ಯಾಬು, ಮೋಷನ್ ಕ್ಯಾಪ್ಚರು. ಲ್ಯಾಬಿಗೆ ಕೀಲಿ ಹಾಕಿದ್ದು ನಾಕು ವರ್ಷದಾಗ ಎರಡು ಸಲ ತೆಗೆದ್ರು, ಅದೂ ಇನ್‌ಸ್ಪೆಕ್ಷನ್ ಬಂದಾಗ. ಮೊದಲ ಎರಡು ಸೆಮಿಸ್ಟರ್ ಬರೇ ಫೋಟೋಶಾಪ್. ಆಟ ಕಟ್ಟೋ ಸಾಫ್ಟ್‌ವೇರ್ ಯೂನಿಟಿ ಕಲಿಸೋ ಸರ್ ನಡುವ ಬಿಟ್ಟು ಹ್ವಾದ್ರು, ಆಮ್ಯಾಲೆ ನಾವು ನಾವೇ ಯೂಟ್ಯೂಬ್ ನೋಡಿ ಕಲ್ತ್ವಿ. ಪ್ಲೇಸ್‌ಮೆಂಟ್ ಅಂತ ಕೊಟ್ಟಿದ್ದು ಜಾಹೀರಾತು ಕಂಪನಿ.

ನನ್ನ ಉಳಿಸಿದ್ದು ಕಾಲೇಜಲ್ಲ, ಗೇಮ್ ಜಾಮ್. ಜನವರಿಯಾಗ ಗ್ಲೋಬಲ್ ಗೇಮ್ ಜಾಮ್ ಆಗ್ತದ. ವಿಷಯ ಕೊಡ್ತಾರ, ಸಾಮಾನ್ಯವಾಗಿ 48 ತಾಸಿನಾಗ ತಂಡ ಕಟ್ಟಿ ಆಟ ಮಾಡಿ ಮುಗಸಬೇಕು. ಮೂರು ಸಲ ಹೋದೆ, ಮೂರು ಪುಟ್ಟ ಆಟ ಆದ್ವು. ಇಂಟರ್‌ವ್ಯೂದಾಗ ಮಾರ್ಕ್ಸ್ ಕಾರ್ಡ್ ಯಾರೂ ಕೇಳ್ಲಿಲ್ಲ, ಆ ಮೂರನ್ನ ಆಡಿ ನೋಡಿದ್ರು.

ಕ್ಯಾಂಪಸ್ ನೋಡಾಕ ಹೋದ್ರ ಕಟ್ಟಡ ನೋಡಬ್ಯಾಡ್ರಿ. "ಹೋದ ವರ್ಷ ಫೈನಲ್ ಇಯರ್ ಹುಡುಗರು ಮಾಡಿದ ಆಟ ಕೊಡ್ರಿ, ನಮ್ಮ ತಮ್ಮ ಆಡ್ತಾನ" ಅನ್ರಿ. ವಿಡಿಯೋ ತೋರಿಸಾಕ ಬಂದ್ರ ಎದ್ದು ಬರ್ರಿ.

ಮೈಸೂರು, ಪಾಠ ಮಾಡುವವಳು

ಹುಬ್ಬಳ್ಳಿಯವರು ಹೇಳಿದ ಪರೀಕ್ಷೆ ನೂರಕ್ಕೆ ನೂರು ಸರಿ, ನಾನು ಮೇಷ್ಟ್ರಾಗಿದ್ದೂ ಒಪ್ಪುತ್ತೇನೆ. ಆದರೆ ಎಲ್ಲ ಯೂಟ್ಯೂಬಲ್ಲೇ ಸಿಗುತ್ತೆ ಅನ್ನೋದನ್ನ ಪೂರ್ತಿ ಒಪ್ಪಲ್ಲ. ಒಂದು ಉದಾಹರಣೆ. ಆಟದಲ್ಲಿ ಪಾತ್ರ ಹಾರೋದನ್ನ ಪ್ರೋಗ್ರಾಮ್ ಮಾಡಿ ಅಂತ ಕೊಡ್ತೀನಿ. ಅರ್ಧ ಗಂಟೇಲಿ ಎಲ್ಲರೂ ಮಾಡ್ತಾರೆ. ಆಮೇಲೆ ಪಕ್ಕದ ಕ್ಲಾಸಿನ ಮಕ್ಕಳನ್ನ ಕರೆಸಿ ಆಡಿಸ್ತೀನಿ. "ನಾನು ಒತ್ತಿದ್ದೆ, ಅದು ಹಾರಲಿಲ್ಲ, ಬಿದ್ದೋಯ್ತು" ಅಂತ ದೂರು ಶುರು. ಕೋಡಲ್ಲಿ ತಪ್ಪಿಲ್ಲ, ಪಾತ್ರ ನಿಂತ ಕಟ್ಟೆಯ ಅಂಚು ದಾಟಿದ ಮೇಲೆ ಆಡುವವರು ಕಣ್ಣು ಮಿಟುಕಿಸೋಷ್ಟು ತಡವಾಗಿ ಒತ್ತಿರ್ತಾರೆ. ಆಗ ಹೇಳ್ತೀನಿ: ಅಂಚು ಬಿಟ್ಟಮೇಲೂ 0.1 ಸೆಕೆಂಡ್, ಅಂದರೆ ಸೆಕೆಂಡಿಗೆ 60 ಫ್ರೇಮ್ (ತೆರೆಯ ಮೇಲೆ ಬರೋ ಚಿತ್ರ) ಲೆಕ್ಕದಲ್ಲಿ 6 ಫ್ರೇಮ್, ಹಾರೋಕೆ ಅವಕಾಶ ಕೊಡಿ. ಇದಕ್ಕೆ ಕಯೋಟಿ ಟೈಮ್ ಅಂತಾರೆ. ಮತ್ತೆ ಆಡಿಸಿದರೆ ದೂರೇ ಇಲ್ಲ, ಏನು ಬದಲಾಯ್ತು ಅಂತಲೂ ಅವರಿಗೆ ಗೊತ್ತಾಗಲ್ಲ. ತಾನು ಮಾಡಿದ್ದನ್ನ ಬೇರೆಯವರು ಬೈಕೊಂಡು ಆಡುವಾಗ ಬಾಯಿ ಮುಚ್ಕೊಂಡು ಹಿಂದೆ ನಿಂತು ನೋಡೋದನ್ನ ಒಬ್ಬನೇ ರೂಮಲ್ಲಿ ಕೂತು ಕಲಿಯೋದು ಕಷ್ಟ.

ಡಂಡೀ, ಸ್ಕಾಟ್ಲೆಂಡ್ (ಊರು ದಾವಣಗೆರೆ)

ಇಲ್ಲಿನ ಅಬರ್ಟೇ ವಿಶ್ವವಿದ್ಯಾಲಯ 1997ರಲ್ಲೇ ಕಂಪ್ಯೂಟರ್ ಗೇಮ್ಸ್ ಡಿಗ್ರಿ ಶುರು ಮಾಡಿದ್ದು, ಜಗತ್ತಿಗೇ ಮೊದಲನೇದು ಅಂತ ಹೆಮ್ಮೆ ಇವರಿಗೆ. ಅದೇ ವರ್ಷ ಬಂದ ಗ್ರಾಂಡ್ ಥೆಫ್ಟ್ ಆಟೋದ ಮೊದಲ ಆಟ ತಯಾರಾಗಿದ್ದೂ ಇದೇ ಊರಲ್ಲಿ. ಕಾಕತಾಳೀಯ ನೋಡಿ, ಬೆಂಗಳೂರಲ್ಲಿ ಧ್ರುವ ಇಂಟರಾಕ್ಟಿವ್ ಅನ್ನೋ ಗೇಮ್ ಸ್ಟುಡಿಯೋ ಶುರುವಾಗಿದ್ದೂ 1997ರಲ್ಲೇ. ಮುಂದೆ 2019ರಲ್ಲಿ ಅದನ್ನ ಕೊಂಡಿದ್ದು ಆ ಆಟದ ರಾಕ್‌ಸ್ಟಾರ್ ಕಂಪನಿಯೇ. ಅಂಥ ಕೆಲಸ ಬೆಂಗಳೂರಲ್ಲೂ ಇದೆ, ಹಾಗಾಗಿ ಡಿಗ್ರಿಗೇ ಸಾಲ ಮಾಡಿ ಇಲ್ಲಿಗೆ ಕಳಿಸಿ ಅಂತ ನಾನಂತೂ ಹೇಳಲ್ಲ. ಎಂಎಸ್‌ಸಿಗೆ ಬರಲಿ, ಅದೂ ಕೈಲಿ ನಾಲ್ಕು ಮುಗಿಸಿದ ಆಟ ಇದ್ದಾಗ.

ಇನ್ನೊಂದು. ಕಾಲೇಜಿನವರು ಪ್ಲೇಸ್‌ಮೆಂಟ್ ಲೆಕ್ಕ ತೋರಿಸಿದರೆ ಯಾವ ಕಂಪನಿ ಅಂತ ಕೇಳಿ. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ಸಂಸತ್ತು 2025ರ ಆಗಸ್ಟಲ್ಲಿ ನಿಷೇಧಿಸಿದ ಮೇಲೆ ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಕಂಪನಿಗಳಲ್ಲಿ ತುಂಬಾ ಜನರ ಕೆಲಸ ಹೋಯ್ತು. ಹಳೇ ಪಟ್ಟಿಯಲ್ಲಿ ಆ ಹೆಸರುಗಳೇ ಇದ್ದರೆ ಆ ಲೆಕ್ಕ ಬಿಟ್ಟಾಕಿ.

ಹಾಸನ

ಎಲ್ಲರಿಗೂ ಥ್ಯಾಂಕ್ಸ್. ಡಿಸೈನಾ ಕೋಡಾ ಅಂತ ಕೇಳಿದ್ದಕ್ಕೆ ತಮ್ಮ "ಎರಡೂ" ಅಂದ, ಅಪ್ಪ ನಕ್ಕರು. ಕೌನ್ಸೆಲಿಂಗ್‌ಗೆ ಇನ್ನೂ ಟೈಮ್ ಇದೆ, ಅಷ್ಟರಲ್ಲಿ ಒಂದು ಸಣ್ಣ ಆಟ ಮುಗಿಸಿ ತೋರಿಸು, ಆಮೇಲೆ ಮಾತಾಡೋಣ ಅಂದಿದ್ದಾರೆ. ಮನೇಲಿರೋದು ನನ್ನ ಹಳೇ ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಸಾಕಾಗುತ್ತಾ?

ಹುಬ್ಬಳ್ಳಿ

ಆಟ ಕಟ್ಟೋ ಸಾಫ್ಟ್‌ವೇರ್‌ದಾಗ ಅನ್‌ರಿಯಲ್ ಹಾಕಬ್ಯಾಡ್ರಿ, ಫ್ಯಾನ್ ಕೂಗೂದು ಪಕ್ಕದ ಮನಿಗೆ ಕೇಳಸ್ತದ. ಗೋಡೋ ಹಾಕ್ರಿ, ಪುಕ್ಕಟೆ, ಇನ್‌ಸ್ಟಾಲ್ ಮಾಡೂದೂ ಬ್ಯಾಡ, ಫೈಲ್ ಇಳಿಸ್ಕೊಂಡು ತೆಗೆದ್ರ ಶುರು. ಟೂ-ಡಿ ಆಟಕ್ಕ ಆ ಲ್ಯಾಪ್‌ಟಾಪ್ ಭರಪೂರ ಆತು. ಮತ್ತ ಮೊದಲನೇ ಆಟಕ್ಕ ಒಂದೇ ಲೆವೆಲ್ ಸಾಕು ಅಂತ ಹೇಳ್ರಿ ಅವಗ, ನಾ ಇಪ್ಪತ್ತು ಲೆವೆಲ್ ಅನ್ಕೊಂಡು ಶುರು ಮಾಡಿದ್ದು ಇನ್ನೂ ಹಂಗೇ ಬಿದ್ದದ.