ಪೂಲ್ ಹೋದರು, ಮೆಕಾಲಮ್ ಬಂದರು: ವಿಝರ್ಡ್ಸ್ ಈ ಬೇಸಿಗೆಯಲ್ಲಿ ತಂಡ ಕಟ್ಟುತ್ತಿದೆಯೋ, ಇನ್ನೊಂದು ವರ್ಷ ಸೋಲಲು ಅಣಿಯಾಗುತ್ತಿದೆಯೋ?

ರಾಕ್‌ವಿಲ್ ರಾಯರು (ಪ್ರಶ್ನೆ, ಆಗಸ್ಟ್ 2025)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವನು, ಹನ್ನೆರಡು ವರ್ಷಗಳಿಂದ ಮೇರಿಲ್ಯಾಂಡಿನ ರಾಕ್‌ವಿಲ್‌ನಲ್ಲಿದ್ದೇನೆ. ಇರುವ ಊರಿನ ತಂಡ ಎಂಬ ಒಂದೇ ಕಾರಣಕ್ಕೆ ಎನ್‌ಬಿಎ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್) ತಂಡವಾದ ವಾಷಿಂಗ್ಟನ್ ವಿಝರ್ಡ್ಸ್‌ಗೆ ಗಂಟುಬಿದ್ದೆ, ಈಗ ಬಿಡಲೂ ಆಗುತ್ತಿಲ್ಲ. 2023-24ರಲ್ಲಿ 82 ಪಂದ್ಯಗಳಲ್ಲಿ ನಾವು ಗೆದ್ದದ್ದು 15, ಕಳೆದ ಋತುವಿನಲ್ಲಿ 18. ಅದರಲ್ಲೂ ಕಳೆದ ಸಲ ಸತತ 16 ಸೋಲುಗಳ ಸರಣಿ ಒಂದಲ್ಲ, ಎರಡು ಬಾರಿ ಬಂತು. ಈ ತಂಡ ಕಪ್ ಎತ್ತಿದ್ದು 1978ರಲ್ಲಿ, ನಾನು ಹುಟ್ಟುವುದಕ್ಕೂ ಮೊದಲು.

ನನ್ನ ಮಗಳಿಗೆ ಹತ್ತು ವರ್ಷ. ಕಳೆದ ಡಿಸೆಂಬರ್ 7ರಂದು ಅವಳನ್ನು ಡೆನ್ವರ್ ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದೆ. ಆ ದಿನ ನಿಕೋಲಾ ಯೋಕಿಚ್ ಒಬ್ಬರೇ 56 ಅಂಕ ಗಳಿಸಿದರೂ ಡೆನ್ವರ್ ಸೋತಿತು, ನಮ್ಮ ಮೊದಲ ಹದಿನಾರರ ಸರಣಿ ಮುರಿಯಿತು, ಜೋರ್ಡನ್ ಪೂಲ್ 39 ಅಂಕ ಹೊಡೆದರು. ವಾಪಸು ಬರುವಾಗ ಮೆಟ್ರೊದ ರೆಡ್ ಲೈನ್‌ನಲ್ಲಿ ಅವಳು ಗ್ಯಾಲರಿ ಪ್ಲೇಸ್‌ನಿಂದ ರಾಕ್‌ವಿಲ್‌ವರೆಗೂ ಒಂದು ಕ್ಷಣ ಸುಮ್ಮನಿರಲಿಲ್ಲ. ಮರುವಾರವೇ ಪೂಲ್ ಅವರ 13ನೇ ನಂಬರಿನ ಜೆರ್ಸಿ ಕೊಡಿಸಬೇಕಾಯಿತು.

ಜೂನ್‌ನಲ್ಲಿ ಡ್ರಾಫ್ಟ್ (ತಂಡಗಳು ಹೊಸ ಆಟಗಾರರನ್ನು ಎರಡು ಸುತ್ತುಗಳಲ್ಲಿ ಸರದಿಯಂತೆ ಆರಿಸುವ ವಾರ್ಷಿಕ ಪ್ರಕ್ರಿಯೆ) ಹೊತ್ತಿಗೆ ಪೂಲ್, ಸದ್ದೀಕ್ ಬೇ ಮತ್ತು 40ನೇ ಪಿಕ್ಕನ್ನು (ಆರಿಸುವ ಸರದಿಯನ್ನು) ನ್ಯೂ ಆರ್ಲಿಯನ್ಸ್‌ಗೆ ಕೊಟ್ಟು ಸಿ.ಜೆ. ಮೆಕಾಲಮ್, ಕೆಲಿ ಒಲಿನಿಕ್ ಮತ್ತು ಮುಂದಿನ ಒಂದು ಎರಡನೇ ಸುತ್ತಿನ ಪಿಕ್ ತಂದರು. ಪೂಲ್ ಅವರಿಗೆ 26 ವರ್ಷ, ಮೆಕಾಲಮ್ ಅವರಿಗೆ ಬರುವ ತಿಂಗಳು 34 ತುಂಬುತ್ತದೆ. ಒಲಿನಿಕ್ ಅವರು ನಮ್ಮ ಜೆರ್ಸಿ ತೊಡುವ ಮೊದಲೇ ಸ್ಯಾನ್ ಆಂಟೋನಿಯೊಗೆ ರವಾನೆಯಾದರು. ಮೆಂಫಿಸ್‌ನಿಂದ ಫೆಬ್ರವರಿಯಲ್ಲಷ್ಟೇ ಬಂದಿದ್ದ ಮಾರ್ಕಸ್ ಸ್ಮಾರ್ಟ್ ಅವರಿಗೆ ಹಣ ತೆತ್ತು ಬಿಡುಗಡೆ ಕೊಟ್ಟೆವು, ಅವರು ಲೇಕರ್ಸ್ ಸೇರಿಕೊಂಡರು. ಮೇಲುನೋಟಕ್ಕೆ ಇದು ಬೆಣ್ಣೆ ಕೊಟ್ಟು ಸುಣ್ಣ ತಂದ ಹಾಗೆ ಕಾಣುತ್ತದೆ. ಇದರ ಹಿಂದಿನ ಲೆಕ್ಕಾಚಾರವನ್ನು ತಿಳಿದವರು ಬಿಡಿಸಿ ಹೇಳಬಹುದೇ? ಗೆಳೆಯರೊಬ್ಬರ ಜೊತೆ ಪಾಲು ಹಾಕಿ ಸೀಸನ್ ಟಿಕೆಟ್ ಇಟ್ಟುಕೊಂಡಿದ್ದೇನೆ; ಅದನ್ನು ಮುಂದುವರಿಸಬೇಕೋ ಬೇಡವೋ ಎಂಬುದನ್ನು ಈ ತಿಂಗಳಲ್ಲೇ ತೀರ್ಮಾನಿಸಬೇಕಾಗಿದೆ.

ಲೆಕ್ಕದ ಪುಸ್ತಕ

ರಾಯರೇ, ಮೊದಲು ಒಂದು ಮಾತು. ಈ ವಿನಿಮಯವನ್ನು ಆಟಗಾರನಿಗೆ ಆಟಗಾರ ಎಂದು ತೂಗಿದರೆ ನಮಗೆ ನಷ್ಟವೇ. ಇಲ್ಲಿ ಕೈ ಬದಲಾದದ್ದು ಮುಖ್ಯವಾಗಿ ಒಪ್ಪಂದಗಳು. ಪೂಲ್ ಅವರಿಗೆ ಇನ್ನೂ ಎರಡು ವರ್ಷಗಳ, ಒಟ್ಟು ಆರೂವರೆ ಕೋಟಿ ಡಾಲರಿಗೂ ಹೆಚ್ಚಿನ ಬಾಕಿ ಇತ್ತು. ಮೆಕಾಲಮ್ ಅವರಿಗೆ ಇರುವುದು ಒಂದೇ ವರ್ಷ, ಸುಮಾರು 3 ಕೋಟಿ 7 ಲಕ್ಷ ಡಾಲರು. ಫೆಬ್ರವರಿಯಲ್ಲಿ ಕೈಲ್ ಕೂಝ್ಮಾ ಅವರನ್ನು ಮಿಲ್ವಾಕಿಗೆ ಕೊಟ್ಟು ತಂದ ಕ್ರಿಸ್ ಮಿಡಲ್ಟನ್ ಅವರ ಒಪ್ಪಂದವೂ ಬರುವ ಬೇಸಿಗೆಗೆ ಮುಗಿಯುತ್ತದೆ. ಈ ಇಬ್ಬರದೇ ಆರು ಕೋಟಿ ದಾಟುತ್ತದೆ. 2025-26ರಲ್ಲಿ ಒಂದು ತಂಡದ ಒಟ್ಟು ವೇತನ ಮಿತಿ 15 ಕೋಟಿ 46 ಲಕ್ಷ ಡಾಲರು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, 2026ರ ಜುಲೈಯಲ್ಲಿ ಎಷ್ಟು ಜಾಗ ಖಾಲಿಯಾಗುತ್ತದೆಂದು ನೀವೇ ಅಂದಾಜು ಮಾಡಬಹುದು.

ಆ ಜಾಗಕ್ಕೆ ದೊಡ್ಡ ತಾರೆಯೊಬ್ಬರು ತಾವಾಗಿ ಬಂದು ಸಹಿ ಹಾಕುತ್ತಾರೆಂದು ನಾನು ನಂಬುವುದಿಲ್ಲ. ಸೋಲುವ ತಂಡಕ್ಕೆ ಹಾಗೆ ಬರುವವರು ಕಡಿಮೆ. ಆದರೆ ವೇತನ ಮಿತಿ ಮೀರಿ ಉಸಿರುಗಟ್ಟಿರುವ ತಂಡಗಳು ತಮ್ಮ ಭಾರದ ಒಪ್ಪಂದವನ್ನು ಇಳಿಸಲು ಜಾಗ ಹುಡುಕುತ್ತವೆ, ಇಳಿಸಿಕೊಳ್ಳುವವರಿಗೆ ಡ್ರಾಫ್ಟ್ ಪಿಕ್ಕನ್ನೋ ಎಳೆಯ ಆಟಗಾರನನ್ನೋ ದಕ್ಷಿಣೆಯಾಗಿ ಕೊಡುತ್ತವೆ. ಖಾಲಿ ಜಾಗಕ್ಕೆ ಬಾಡಿಗೆ ಬರುವುದು ಹೀಗೆ. ಹೂಸ್ಟನ್‌ನಲ್ಲಿ ಆಡಲು ಹೊತ್ತು ಸಿಗದೆ ಕೂತಿದ್ದ ಕ್ಯಾಮ್ ವಿಟ್‌ಮೋರ್ ಅವರು ಎರಡು ಎರಡನೇ ಸುತ್ತಿನ ಪಿಕ್ಕುಗಳಿಗೆ ಸಿಕ್ಕಿದರಲ್ಲ, ಅಲ್ಲಿ ಕೆಲಸ ಮಾಡಿದ್ದು ಹೀಗೆ ಕೂಡಿಟ್ಟುಕೊಂಡ ಚಿಲ್ಲರೆ ಪಿಕ್ಕುಗಳು. ಅಂದಹಾಗೆ ಅವರು ನಿಮ್ಮ ಮೇರಿಲ್ಯಾಂಡಿನ ಹುಡುಗ.

ಇನ್ನು ಯಾರೂ ಗಟ್ಟಿಯಾಗಿ ಹೇಳದ ಕಾರಣ ಒಂದಿದೆ. 2020ರ ಡಿಸೆಂಬರ್‌ನಲ್ಲಿ ಜಾನ್ ವಾಲ್ ಅವರನ್ನು ಹೂಸ್ಟನ್‌ಗೆ ಕೊಟ್ಟು ರಸಲ್ ವೆಸ್ಟ್‌ಬ್ರೂಕ್ ಅವರನ್ನು ತರುವಾಗ ಮೇಲೊಂದು ಮೊದಲ ಸುತ್ತಿನ ಪಿಕ್ಕನ್ನೂ ಕೊಟ್ಟಿದ್ದೆವು. ಆ ಪಿಕ್ ಹೂಸ್ಟನ್‌ನಿಂದ ಒಕ್ಲಹೋಮಕ್ಕೆ, ಅಲ್ಲಿಂದ ನ್ಯೂಯಾರ್ಕ್‌ಗೆ ಕೈ ದಾಟಿದೆ. ವಾಲ್ ಮತ್ತು ವೆಸ್ಟ್‌ಬ್ರೂಕ್ ಇಬ್ಬರೂ ಇಲ್ಲಿಂದ ಹೋಗಿ ವರ್ಷಗಳಾದರೂ ಅಡಮಾನದ ಪತ್ರ ಮಾತ್ರ ಜೀವಂತವಾಗಿದೆ. ಅದಕ್ಕೊಂದು ರಕ್ಷಣೆ ಇದೆ: 2026ರಲ್ಲಿ ನಮ್ಮ ಪಿಕ್ ಮೊದಲ ಎಂಟರೊಳಗೆ ಬಂದರೆ ಅದು ನಮ್ಮಲ್ಲೇ ಉಳಿಯುತ್ತದೆ, ನ್ಯೂಯಾರ್ಕ್‌ಗೆ ಎರಡು ಎರಡನೇ ಸುತ್ತಿನ ಪಿಕ್ಕುಗಳು ಹೋಗಿ ಸಾಲ ತೀರುತ್ತದೆ. ಒಂಬತ್ತನೆಯದಾದರೆ ಪಿಕ್ಕೇ ಹೋಯಿತು. ಪ್ಲೇಆಫ್ ತಲುಪದ ತಂಡಗಳ ಪಿಕ್ಕಿನ ಸರದಿಯನ್ನು ಲಾಟರಿ ತೀರ್ಮಾನಿಸುತ್ತದೆ, ಹೆಚ್ಚು ಸೋತವರಿಗೆ ಹೆಚ್ಚು ಅವಕಾಶ. ಅದರಲ್ಲಿ ಚೀಟಿ ಎತ್ತುವುದು ಮೊದಲ ನಾಲ್ಕು ಸ್ಥಾನಗಳಿಗೆ ಮಾತ್ರ, ಉಳಿದವು ಸೋಲಿನ ಕ್ರಮದಲ್ಲೇ ಸಿಗುತ್ತವೆ. ಆದ್ದರಿಂದ ಕೆಳಗಿನಿಂದ ನಾಲ್ಕನೆಯ ತಂಡ ಎಂಟಕ್ಕಿಂತ ಕೆಳಗೆ ಜಾರಲು ಸಾಧ್ಯವಿಲ್ಲ. ಅಂದರೆ ಕೆಳಗಿನ ನಾಲ್ಕರಲ್ಲಿ ಉಳಿದರೆ ಪಿಕ್ ಭದ್ರ. ಎ.ಜೆ. ಡಿಬಾಂಟ್ಸಾ, ಡ್ಯಾರಿನ್ ಪೀಟರ್ಸನ್, ಕ್ಯಾಮರನ್ ಬೂಝರ್ ಅವರಂಥ ಹುಡುಗರಿರುವ ಡ್ರಾಫ್ಟ್ ಅದು. ಮೂವತ್ತೈದು ಪಂದ್ಯ ಗೆಲ್ಲುವ, ಪ್ಲೇಆಫ್‌ಗೂ ಹೋಗದ, ಅಡ್ಡಗೋಡೆಯ ಮೇಲಿನ ದೀಪದಂಥ ತಂಡವನ್ನು ಈ ವರ್ಷ ಕಟ್ಟಿದರೆ ಅತಿ ಹೆಚ್ಚಿನ ಬೆಲೆ ತೆರುವವರು ನಾವೇ.

ಕೊನೇ ಸಾಲಿನ ಪ್ರೇಕ್ಷಕ

ಲೆಕ್ಕ ಸರಿಯಾಗಿದೆ, ಒಪ್ಪುತ್ತೇನೆ. ಆದರೆ ಈ ಲೆಕ್ಕವನ್ನು ಮೂರನೇ ಬೇಸಿಗೆಯಲ್ಲೂ ಕೇಳುತ್ತಿದ್ದೇನೆ. ಕಳೆದ ಏಪ್ರಿಲ್‌ನಲ್ಲಿ ಋತುವಿನ ಕೊನೆಯ ಪಂದ್ಯದ ಕೊನೆಯ ಕ್ಷಣದಲ್ಲಿ ನಮ್ಮ ಬಬ್ ಕ್ಯಾರಿಂಗ್ಟನ್ ಚೆಂಡು ಹಾಕಿ ಮಿಯಾಮಿಯನ್ನು 119-118ರಿಂದ ಸೋಲಿಸಿದಾಗ ನಾನು ಸೋಫಾದಿಂದ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಅರ್ಧ ನಿಮಿಷದೊಳಗೆ ‘ಅಯ್ಯೋ, ಇದನ್ನು ಯಾಕೆ ಗೆದ್ದರು’ ಎಂದು ಕೂತೆ. ಆ ಗೆಲುವಿನಿಂದ ನಾವು 18ಕ್ಕೆ ಏರಿದೆವು, ಯೂಟಾ 17ರಲ್ಲಿ ಉಳಿಯಿತು. ಮೊದಲ ಪಿಕ್ ಸಿಗುವ ಸಾಧ್ಯತೆ ಎರಡೂ ತಂಡಗಳಿಗೆ ಶೇಕಡಾ 14 ಎಂಬುದು ನಿಜ, ಆದರೆ ಕಟ್ಟಕಡೆಯ ತಂಡ ಐದಕ್ಕಿಂತ ಕೆಳಗೆ ಬೀಳುವುದಿಲ್ಲ, ಅದರ ಮೇಲಿನದು ಆರಕ್ಕೂ ಬೀಳಬಹುದು. ಮೇ ತಿಂಗಳ ಲಾಟರಿಯಲ್ಲಿ ಶೇಕಡಾ 1.8ರಷ್ಟು ಮಾತ್ರ ಸಾಧ್ಯತೆ ಇದ್ದ ಡಾಲಸ್‌ಗೆ ಮೊದಲ ಪಿಕ್ ಹೋಯಿತು, ಅದರಿಂದ ಕೂಪರ್ ಫ್ಲ್ಯಾಗ್ ಸಿಕ್ಕಿದರು. ಯೂಟಾಕ್ಕೆ ಐದು, ನಮಗೆ ಆರು. ಸೋಲುವುದರಲ್ಲೂ ಅದೃಷ್ಟ ಬೇಕು, ಅದೂ ನಮಗಿಲ್ಲ. ಸ್ವಂತ ತಂಡದ ಗೆಲುವಿಗೆ ಬೇಸರ ಪಡುವ ಸ್ಥಿತಿಗೆ ಪ್ರೇಕ್ಷಕನನ್ನು ತಂದಿಟ್ಟದ್ದನ್ನು ಯಾವ ವೇತನ ಮಿತಿಯ ಪಟ್ಟಿಯಲ್ಲಿ ಬರೆಯುತ್ತಾರೋ ನಾನರಿಯೆ.

ಎಡಗೈ ಲೇಅಪ್

ಇಲ್ಲಿ ಎಲ್ಲರೂ ಒಕ್ಲಹೋಮ ಸಿಟಿಯ ಉದಾಹರಣೆಗೆ ಬರುವ ಮೊದಲೇ ನಾನು ಬರುತ್ತೇನೆ. ನಮ್ಮ ಜನರಲ್ ಮ್ಯಾನೇಜರ್ ವಿಲ್ ಡಾಕಿನ್ಸ್ ಬಂದದ್ದು ಅಲ್ಲಿಂದಲೇ; ಆ ತಂಡ 2020-21ರಲ್ಲಿ 22, ಮರುವರ್ಷ 24 ಪಂದ್ಯ ಗೆದ್ದು ಈ ಜೂನ್‌ನಲ್ಲಿ ಚಾಂಪಿಯನ್ ಆಯಿತು. ಹಾಗಾಗಿ ‘ಸೋತು ಸೋತು ಗೆದ್ದರು’ ಎಂಬ ಕಥೆ ಹುಟ್ಟಿಕೊಂಡಿದೆ. ಈ ಕಥೆ ಅರ್ಧ ಮಾತ್ರ ನಿಜ. ಅಲ್ಲಿನ ಮುಖ್ಯ ತಾರೆ ಶೇ ಗಿಲ್ಜಸ್-ಅಲೆಕ್ಸಾಂಡರ್ ಅವರು ಸೋಲಿನಿಂದ ಸಿಕ್ಕಿದವರಲ್ಲ. 2019ರಲ್ಲಿ ಪಾಲ್ ಜಾರ್ಜ್ ಅವರನ್ನು ಕ್ಲಿಪ್ಪರ್ಸ್‌ಗೆ ಕೊಟ್ಟಾಗ ಬಂದವರು, ಜೇಲನ್ ವಿಲಿಯಮ್ಸ್ ಅವರನ್ನು ಆರಿಸಿದ 12ನೇ ಪಿಕ್ ಕೂಡ ಅದೇ ವ್ಯವಹಾರದ್ದು. ಲೂ ಡಾರ್ಟ್ ಅವರನ್ನು ಡ್ರಾಫ್ಟ್‌ನಲ್ಲಿ ಯಾರೂ ಆರಿಸಿರಲೇ ಇಲ್ಲ. ಸೋಲು ನೇರವಾಗಿ ತಂದುಕೊಟ್ಟ ದೊಡ್ಡ ಹೆಸರೆಂದರೆ ಚೆಟ್ ಹೋಮ್‌ಗ್ರೆನ್ ಒಬ್ಬರೇ.

ಅವರಿಗೆ ನೆರವಾದದ್ದು ತಮ್ಮ ತಾರೆಗೆ ಬೆಲೆ ಇರುವಾಗಲೇ ಮಾರಿದ್ದು. ನಾವು ಮಾಡಿದ್ದೇನು? 2022ರಲ್ಲಿ ನಮ್ಮ ತಾರೆ ಬ್ರ್ಯಾಡ್ಲಿ ಬೀಲ್ ಅವರಿಗೆ ಐದು ವರ್ಷಕ್ಕೆ 25 ಕೋಟಿ 10 ಲಕ್ಷ ಡಾಲರು ಕೊಟ್ಟದ್ದಲ್ಲದೆ, ಅವರ ಒಪ್ಪಿಗೆಯಿಲ್ಲದೆ ಎಲ್ಲಿಗೂ ಕಳಿಸುವಂತಿಲ್ಲ ಎಂಬ ಷರತ್ತನ್ನೂ ಬರೆದುಕೊಟ್ಟೆವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಮರುವರ್ಷ ಅವರನ್ನು ಫೀನಿಕ್ಸ್‌ಗೆ ಕಳಿಸುವಾಗ ನಮ್ಮದು ಎಂಬ ಒಂದು ಪೂರ್ತಿ ಮೊದಲ ಸುತ್ತಿನ ಪಿಕ್ಕೂ ಸಿಗಲಿಲ್ಲ. ಸಿಕ್ಕಿದ್ದು ಪಿಕ್ ಅದಲುಬದಲಿನ ಹಕ್ಕುಗಳು, ಎರಡನೇ ಸುತ್ತಿನವು ಮತ್ತು ಕ್ರಿಸ್ ಪಾಲ್ ಅವರ ಒಪ್ಪಂದ. ಆ ಕ್ರಿಸ್ ಪಾಲ್ ಅವರನ್ನು ಗೋಲ್ಡನ್ ಸ್ಟೇಟ್‌ಗೆ ದಾಟಿಸಿದಾಗ ಬಂದವರೇ ರಾಯರ ಮಗಳ ಪೂಲ್. ಅಂದರೆ ಬೀಲ್ ಎಂಬ ಹಳೆಯ ಬಂಗಾರ ಕರಗಿ ಕರಗಿ ಈಗ ಮೆಕಾಲಮ್ ಅವರ ಒಂದು ವರ್ಷದ ಒಪ್ಪಂದವಾಗಿ ಉಳಿದಿದೆ.

ನನ್ನ ತಕರಾರು ಪೂಲ್ ಹೋದದ್ದಕ್ಕಲ್ಲ, 2024ರಲ್ಲಿ ಡೆನಿ ಅವ್ಡಿಯಾ ಅವರನ್ನು ಪೋರ್ಟ್‌ಲ್ಯಾಂಡ್‌ಗೆ ಕೊಟ್ಟದ್ದಕ್ಕೆ. ವಯಸ್ಸು 23, ನಾಲ್ಕು ವರ್ಷಕ್ಕೆ ಐದೂವರೆ ಕೋಟಿಯ ಅಗ್ಗದ ಒಪ್ಪಂದ, ಆಟ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಅವರ ಬದಲಿಗೆ ಬಂದ 14ನೇ ಪಿಕ್ಕಿನಿಂದ ಕ್ಯಾರಿಂಗ್ಟನ್ ಸಿಕ್ಕಿದರು, 2029ರ ಒಂದು ಮೊದಲ ಸುತ್ತಿನ ಪಿಕ್ ಬಾಕಿ ಇದೆ ಎಂಬುದನ್ನು ಬಲ್ಲೆ. ಆದರೂ ಕಟ್ಟಡ ಕಟ್ಟುತ್ತೇವೆಂದು ಹೇಳಿ ನಿಂತಿದ್ದ ಕಂಬವನ್ನೇ ಮಾರಿದ ಹಾಗಾಯಿತು.

ಡೆಟ್ರಾಯ್ಟ್ ತಂಡವನ್ನೂ ನೋಡಿ. 2023-24ರಲ್ಲಿ ಸತತ 28 ಸೋಲು, ಒಟ್ಟು 14 ಗೆಲುವು. ನಮಗಿಂತಲೂ ಕೆಟ್ಟ ಸ್ಥಿತಿ. ಆ ಬೇಸಿಗೆಯಲ್ಲಿ ಕೋಚ್ ಬದಲಾದರು, ಟೋಬಿಯಾಸ್ ಹ್ಯಾರಿಸ್, ಮಲಿಕ್ ಬೀಸ್ಲಿ, ಟಿಮ್ ಹಾರ್ಡವೇ ಜೂನಿಯರ್ ಎಂಬ ಮೂವರು ಅನುಭವಿಗಳು ಬಂದರು, ಮರುವರ್ಷ 44 ಪಂದ್ಯ ಗೆದ್ದು ಪ್ಲೇಆಫ್ ಆಡಿದರು. ಎಳೆಯರ ನಡುವೆ ದೂರದಿಂದ ಚೆಂಡು ಹಾಕಬಲ್ಲ ನಾಲ್ಕು ಜನ ದೊಡ್ಡವರಿದ್ದರೆ ಕೇಡ್ ಕನಿಂಗ್‌ಹ್ಯಾಮ್ ಅವರಂಥ ಹುಡುಗನಿಗೆ ಓಡಾಡಲು ದಾರಿ ಸಿಗುತ್ತದೆ. ಮೆಕಾಲಮ್ ಅವರಿಂದ ನಾನು ನಿರೀಕ್ಷಿಸುವುದು ಅಷ್ಟೇ: ನಮ್ಮ ಎಳೆಯರಾದ ಅಲೆಕ್ಸ್ ಸಾರ್ ಮತ್ತು ಆರನೇ ಪಿಕ್ಕಿನಲ್ಲಿ ಬಂದ ಟ್ರೇ ಜಾನ್ಸನ್ ಅವರ ಪಕ್ಕದಲ್ಲಿ ಆತುರವಿಲ್ಲದೆ ಆಡುವ ಒಬ್ಬ ಹಿರಿಯ. ಅವರು ಆಟಗಾರರ ಸಂಘದ ಅಧ್ಯಕ್ಷರಾಗಿದ್ದವರು, ಮಾತು ಕೇಳಿಸಿಕೊಳ್ಳುವಂಥವರು.

ಕಂಠೀರವದ ಹಳಬ

ನಾನು ಬೆಂಗಳೂರಿನಲ್ಲಿ ಕೂತು ನೋಡುವವನು. ನಿಮ್ಮ ಸಂಜೆ ಏಳರ ಪಂದ್ಯ ಚಳಿಗಾಲದಲ್ಲಿ ನಮಗೆ ಬೆಳಗಿನ ಐದೂವರೆ. ಹಾಲಿನವನು ಗಂಟೆ ಒತ್ತುವ ಹೊತ್ತಿಗೆ ಎರಡನೇ ಕ್ವಾರ್ಟರ್ ಮುಗಿದು ವಿಝರ್ಡ್ಸ್ ಇಪ್ಪತ್ತು ಅಂಕ ಹಿಂದೆ ಬಿದ್ದಿರುತ್ತದೆ. ನಮ್ಮ ಆರ್‌ಸಿಬಿಗೆ ಹದಿನೆಂಟು ವರ್ಷ ಕಾದು ಈ ಜೂನ್‌ನಲ್ಲಿ ಕಪ್ ನೋಡಿದ ಗೆಳೆಯರು ‘ನೀನೂ ಕಾಯಿ’ ಎನ್ನುತ್ತಾರೆ. ಹೋಲಿಕೆ ಸರಿಯಲ್ಲ. ಐಪಿಎಲ್‌ನಲ್ಲಿ ಮೂರು ವರ್ಷಕ್ಕೊಮ್ಮೆ ದೊಡ್ಡ ಹರಾಜು ಬಂದು ಹಳೆಯ ತಪ್ಪುಗಳನ್ನೆಲ್ಲ ತೊಳೆದುಬಿಡುತ್ತದೆ. ಆರ್‌ಸಿಬಿ ಕಳೆದ ಸಲ ಮೂವರನ್ನು ಮಾತ್ರ ಉಳಿಸಿಕೊಂಡು ಉಳಿದವರನ್ನೆಲ್ಲ ಹೊಸದಾಗಿ ತಂದಿತು. ಇಲ್ಲಿ 2020ರಲ್ಲಿ ಮಾಡಿದ ಸಾಲ 2026ಕ್ಕೂ ಬೆನ್ನು ಬಿಡುವುದಿಲ್ಲ. ಅದಕ್ಕೇ ರಾಯರು ಈ ಸಲ ಅಂಕಪಟ್ಟಿ ನೋಡುವುದು ಬಿಟ್ಟು, ಸಾರ್ ಅವರು ಬುಟ್ಟಿಯ ಹತ್ತಿರ ನಿಂತು ಆಡಲು ಕಲಿತರೇ, ಬಿಲಾಲ್ ಕುಲಿಬಾಲಿ ಗಾಯವಿಲ್ಲದೆ ಎಷ್ಟು ಪಂದ್ಯ ಆಡಿದರು, ಕೊನೆಯ ಐದು ನಿಮಿಷದಲ್ಲಿ ಚೆಂಡು ಯಾರ ಕೈಯಲ್ಲಿರುತ್ತದೆ ಎಂಬುದನ್ನು ಗಮನಿಸಲಿ ಎಂದು ನನ್ನ ಸಲಹೆ. ಮೆಕಾಲಮ್ ಆಟಗಾರರ ವಿನಿಮಯಕ್ಕಿರುವ ಫೆಬ್ರವರಿಯ ಗಡುವಿನವರೆಗೂ ಇಲ್ಲೇ ಇರುತ್ತಾರೆಂದು ನಂಬಿ ಅವರ ಜೆರ್ಸಿ ಮಾತ್ರ ಕೊಳ್ಳಬೇಡಿ.

ರಾಕ್‌ವಿಲ್ ರಾಯರು

ಎಲ್ಲರಿಗೂ ಧನ್ಯವಾದಗಳು. ವಾಲ್ ಅವರ ಕಾಲದ ಪಿಕ್ ಇನ್ನೂ ತೀರಿಲ್ಲ ಎಂಬುದು ನನಗೆ ಗೊತ್ತೇ ಇರಲಿಲ್ಲ. ಅದು ಗೊತ್ತಾದ ಮೇಲೆ ಈ ಬೇಸಿಗೆಯ ನಡೆಗಳ ತಲೆಬುಡ ಅರ್ಥವಾಯಿತು. ಸಮಾಧಾನವಾಯಿತೆಂದು ಮಾತ್ರ ಹೇಳಲಾರೆ. ಅವ್ಡಿಯಾ ಅವರ ವಿಷಯದಲ್ಲಿ ಎಡಗೈಯವರ ಮಾತಿಗೆ ನನ್ನ ಸಹಿ ಇದೆ.

ಸೀಸನ್ ಟಿಕೆಟ್ಟಿನ ಪಾಲನ್ನು ಈ ವರ್ಷ ಗೆಳೆಯರಿಗೇ ಬಿಟ್ಟುಕೊಡುತ್ತಿದ್ದೇನೆ. ನಿನ್ನೆ ರಾತ್ರಿ ಊಟದ ಹೊತ್ತಿನಲ್ಲಿ ಇದನ್ನು ಮಗಳಿಗೆ ಹೇಳಿದಾಗ, ನ್ಯೂ ಆರ್ಲಿಯನ್ಸ್ ತಂಡ ಇಲ್ಲಿಗೆ ಎಷ್ಟು ಸಲ ಬರುತ್ತದೆ ಎಂದು ಕೇಳಿದಳು. ಅವರು ಪಶ್ಚಿಮ ವಿಭಾಗದವರು, ವರ್ಷಕ್ಕೆ ಒಂದೇ ಸಲ ಎಂದೆ. ಹಾಗಾದರೆ ಅದೊಂದಕ್ಕೆ ಎರಡು ಟಿಕೆಟ್ ತೆಗೆಯಿರಿ ಅಪ್ಪ, ಹದಿಮೂರನೇ ನಂಬರಿನ ಜೆರ್ಸಿ ಹಾಕಿಕೊಂಡೇ ಬರುತ್ತೇನೆ ಎಂದಳು. ವಿಝರ್ಡ್ಸ್ ಜೆರ್ಸಿ ತೊಟ್ಟು ಎದುರು ತಂಡದವನಿಗೆ ಚಪ್ಪಾಳೆ ತಟ್ಟುವುದೇ ಎಂದು ಅವಳ ಅಮ್ಮ ನಕ್ಕಳು. ನಾನು ಟಿಕೆಟ್ಟಿನ ಬೆಲೆ ನೋಡುತ್ತಾ ಕೂತಿದ್ದೆ.